ನಡೆಯದ ಅಂಗಡಿಯನ್ನು ಕ್ರಮವಾಗಿ ಮುಚ್ಚುವ ಬಗೆ

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಂಥ ಹೋಬಳಿ ಕೇಂದ್ರದಲ್ಲಿ ಅಂಗಡಿಯ ವ್ಯಾಪಾರ ಸುತ್ತಲಿನ ಹಳ್ಳಿಗಳ ಬೆಳೆಯನ್ನು ನೆಚ್ಚಿಕೊಂಡಿರುತ್ತದೆ. ಮಳೆ ಕೈಕೊಟ್ಟ ವರ್ಷ ಉದ್ರಿ ಪುಸ್ತಕ ತುಂಬುತ್ತದೆ, ಗಲ್ಲಾಪೆಟ್ಟಿಗೆ ಬರಿದಾಗುತ್ತದೆ. ಅದೇ ಹೊತ್ತಿಗೆ ಅಂಗಡಿಯವರಿಗೆ ಸಕ್ಕರೆ ಕಾಯಿಲೆ ಏರಿ ಕಾಲು ಹುಣ್ಣಾದರೆ, ಹೃದಯವೋ ಮೂತ್ರಪಿಂಡವೋ ಕೆಟ್ಟರೆ, ವ್ಯಾಪಾರ ನಡೆಸಲೂ ಆಗದು, ಬಿಡಲೂ ಆಗದು. ಆಗ ಎಷ್ಟೋ ಮಂದಿ ಒಂದು ದಿನ ಷಟರ್ ಎಳೆದು, ಬೀಗ ಹಾಕಿ, ಫೋನು ಎತ್ತುವುದನ್ನು ಬಿಟ್ಟುಬಿಡುತ್ತಾರೆ.

ಬೀಗ ಹಾಕಿದ ಮಾತ್ರಕ್ಕೆ ಅಂಗಡಿ ಮುಚ್ಚಿದಂತಾಗುವುದಿಲ್ಲ. ಬಾಡಿಗೆ, ಬಡ್ಡಿ, ಬೆಸ್ಕಾಂನ ನಿಗದಿತ ಶುಲ್ಕ, ಜಿಎಸ್‌ಟಿ ರಿಟರ್ನ್‌ನ ದಂಡ ಎಲ್ಲವೂ ಬೀಗದ ಹಿಂದೆ ಬೆಳೆಯುತ್ತಲೇ ಇರುತ್ತವೆ. ಮುಚ್ಚುವುದೂ ಒಂದು ಕೆಲಸ. ಮೈಯಲ್ಲಿ ಸ್ವಲ್ಪ ಶಕ್ತಿ ಇರುವಾಗಲೇ, ಒಂದರ ನಂತರ ಒಂದರಂತೆ ಮಾಡಿದರೆ ಮನೆಯವರಿಗೆ ಉಳಿಯುವ ಹೊರೆ ತುಂಬಾ ಕಡಿಮೆಯಾಗುತ್ತದೆ.

ಮೊದಲು ಚಿಕಿತ್ಸೆ

ಕಂತು ಕಟ್ಟಲು ಔಷಧಿ ನಿಲ್ಲಿಸುವುದು ಬೇಡ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ನೆರವು ಇದೆ. ಆಧಾರ್ ಮತ್ತು ಪಡಿತರ ಚೀಟಿ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಶಿಫಾರಸು ಪತ್ರ ಬರೆದುಕೊಡುತ್ತಾರೆ. ಆ ಪತ್ರವಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ, ತುರ್ತು ಸಂದರ್ಭ ಬಿಟ್ಟು, ಯೋಜನೆ ಕೈಗೆ ಸಿಗದೆ ಹೋಗಬಹುದು.

ಡಿಸ್ಚಾರ್ಜ್ ಸಾರಾಂಶ, ಪರೀಕ್ಷೆಯ ವರದಿ, ಬಿಲ್ಲು ಎಲ್ಲವನ್ನೂ ಒಂದು ಫೈಲಿನಲ್ಲಿಡಿ. ಮುಂದೆ ಬ್ಯಾಂಕಿನಲ್ಲಿ ರಿಯಾಯಿತಿ ಕೇಳುವಾಗ ನಿಮ್ಮ ಪರವಾಗಿ ಮಾತಾಡುವ ದಾಖಲೆ ಅದೇ. ಸಾಲ ಕೊಡುವಾಗ ಬ್ಯಾಂಕ್ ಅಥವಾ ಫೈನಾನ್ಸ್‌ನವರು ವಿಮೆಯ ಹಣ ಹಿಡಿದುಕೊಂಡಿದ್ದರೆ ಆ ಪಾಲಿಸಿಯ ಪ್ರತಿ ಕೇಳಿ ಓದಿ. ಕೆಲವು ಪಾಲಿಸಿಗಳಲ್ಲಿ ಗಂಭೀರ ಕಾಯಿಲೆಗೂ ಅಂಗವೈಕಲ್ಯಕ್ಕೂ ರಕ್ಷಣೆ ಇರುತ್ತದೆ.

ಸಾಲವೂ ಕಾಯಿಲೆಯೂ ಒಟ್ಟಿಗೆ ಬಂದಾಗ ನಿದ್ದೆ ಹೋಗುತ್ತದೆ, ಬದುಕೇ ಬೇಡವೆನಿಸಬಹುದು. ಅಂಥ ಹೊತ್ತಿಗೆ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಲ್ಲಿ ಹೇಳುವ ಪ್ರತಿಯೊಂದು ಸಾಲಕ್ಕೂ ಒಂದಲ್ಲ ಒಂದು ದಾರಿ ಇದೆ. ಆ ದಾರಿ ಹಿಡಿಯಲು ನೀವು ಇರಬೇಕು.

ಮುಚ್ಚಬೇಕೇ, ಬೇಡವೇ?

ಇದಕ್ಕೆ ಒಂದು ಲೆಕ್ಕ ಸಾಕು. ತಿಂಗಳ ವ್ಯಾಪಾರ 1,50,000 ರೂಪಾಯಿ, ಅದರಲ್ಲಿ ಸಿಗುವ ಲಾಭ ಶೇ 12ರಂತೆ 18,000 ಎಂದುಕೊಳ್ಳಿ. ಬಾಡಿಗೆ 5,000, ಕರೆಂಟು 2,000, ಹುಡುಗನ ಸಂಬಳ 9,000 ಹೋದರೆ ಉಳಿಯುವುದು 2,000. ಸಾಲದ ಕಂತು 14,000 ಇದ್ದರೆ ಪ್ರತಿ ತಿಂಗಳು 12,000 ರೂಪಾಯಿ ಹೊಸ ಕೈಸಾಲ ಹುಟ್ಟುತ್ತದೆ.

ಕಂತನ್ನು ಬದಿಗಿಟ್ಟು ನೋಡಿದಾಗ ಮನೆ ನಡೆಯುವಷ್ಟು ಉಳಿಯುತ್ತದೆ ಎಂದಾದರೆ ರೋಗ ವ್ಯಾಪಾರದಲ್ಲಿಲ್ಲ, ಸಾಲದಲ್ಲಿದೆ. ಕಂತನ್ನು ಮರುಹೊಂದಿಸಿಕೊಂಡು ಅಂಗಡಿ ಉಳಿಸಬಹುದು. ಕಂತು ಕಟ್ಟದಿದ್ದರೂ ಏನೂ ಉಳಿಯದು, ದುಡಿಯಲು ಮೈಯೂ ಒಪ್ಪದು ಎಂದಾದರೆ ಮುಚ್ಚುವುದೇ ಸರಿ. ಇನ್ನೊಂದು ಸಾಲ ತಂದು ಆರು ತಿಂಗಳು ನೂಕಿದರೆ ಮುಚ್ಚುವ ದಿನ ಮುಂದೆ ಹೋಗುತ್ತದೆ, ಅಷ್ಟೇ. ಸಾಲ ಮಾತ್ರ ದೊಡ್ಡದಾಗಿರುತ್ತದೆ.

ಪೂರ್ತಿ ಪಟ್ಟಿ

ಒಂದು ನೋಟ್‌ಬುಕ್ಕಿನಲ್ಲಿ ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಅಡ ಇಟ್ಟಿದ್ದೇನು, ಜಾಮೀನು ಯಾರು, ಕೊಟ್ಟ ಚೆಕ್ಕು ಎಷ್ಟು ಎಂಬುದನ್ನು ಬರೆಯಿರಿ. ಹೆಂಡತಿ ಅಥವಾ ಗಂಡನಿಗೆ ಗೊತ್ತಿಲ್ಲದ ಸಾಲವನ್ನೂ ಬರೆಯಿರಿ. ನೀವು ಆಸ್ಪತ್ರೆ ಸೇರಿದ ದಿನ ಈ ಪುಸ್ತಕವನ್ನು ಓದಬೇಕಾದವರು ಅವರೇ. ಬ್ಯಾಂಕ್ ಮತ್ತು ಫೈನಾನ್ಸ್ ಸಾಲಗಳು ನಿಮ್ಮ ಕ್ರೆಡಿಟ್ ವರದಿಯಲ್ಲಿ ಸಿಗುತ್ತವೆ. ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಪಡೆಯಬಹುದು.

ಜಾಮೀನು ಹಾಕಿದವರಿಗೆ ನೀವೇ ಮೊದಲು ತಿಳಿಸಿ. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ. ನೋಟಿಸು ಬಂದ ದಿನ ಅವರಿಗೆ ಗೊತ್ತಾದರೆ ಸಾಲದ ಜೊತೆಗೆ ಸಂಬಂಧವೂ ಹೋಗುತ್ತದೆ.

ಮಾಲು, ಉದ್ರಿ, ಕೂಲಿ

ಮಾಲನ್ನು ಮೊದಲು ಕರಗಿಸಿ, ನೋಂದಣಿಯನ್ನು ಆಮೇಲೆ ರದ್ದು ಮಾಡಿ. ಜಿಎಸ್‌ಟಿ ರದ್ದಾಗುವ ದಿನ ಅಂಗಡಿಯಲ್ಲಿ ಉಳಿದಿರುವ ಮಾಲಿನ ಮೇಲೆ ಪಡೆದ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ವಿತರಕರು ವಾಪಸು ತೆಗೆದುಕೊಳ್ಳುವುದನ್ನು ಕೊಟ್ಟು ಬಾಕಿಗೆ ಮುರಿಸಿ, ಬರವಣಿಗೆಯಲ್ಲಿ ಪಡೆಯಿರಿ. ಫ್ರಿಜ್, ತಕ್ಕಡಿ, ಯಂತ್ರ ಬ್ಯಾಂಕಿನ ಸಾಲದಲ್ಲಿ ಕೊಂಡಿದ್ದಾದರೆ ಬ್ಯಾಂಕಿಗೆ ಹೇಳದೆ ಮಾರಬೇಡಿ. ಹಾಗೆ ಮಾರಿದರೆ ಅದು ವಂಚನೆಯ ದೂರಾಗಬಹುದು.

ಉದ್ರಿ ವಸೂಲಿಗೆ ಅವಧಿ ಇದೆ. ಸಾಮಾನ್ಯವಾಗಿ ಮೂರು ವರ್ಷ ಕಳೆದ ಬಾಕಿಗೆ ಕೋರ್ಟಿನಲ್ಲಿ ದಾವೆ ನಿಲ್ಲದು. ಹಳೆಯ ಬಾಕಿದಾರರಿಂದ ಆ ಅವಧಿ ಮುಗಿಯುವ ಮೊದಲೇ "ಇಷ್ಟು ಕೊಡಬೇಕಿದೆ" ಎಂದು ಸಹಿ ಪಡೆದರೆ ಅಂದಿನಿಂದ ಅವಧಿ ಹೊಸದಾಗಿ ಶುರುವಾಗುತ್ತದೆ. ಇದು ನಿಮಗೂ ಅನ್ವಯಿಸುತ್ತದೆ. ಸಾಲ ಕೊಟ್ಟವರು ಮುಂದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಬೇಡಿ.

ಬಂದ ಹಣದಲ್ಲಿ ಕೆಲಸದವರ ಕೂಲಿಯನ್ನು ಮೊದಲು ಚುಕ್ತಾ ಮಾಡಿ. ಕಟ್ಟಡದ ಮಾಲೀಕರಿಗೆ ಕರಾರಿನಲ್ಲಿರುವಷ್ಟು ದಿನ ಮುಂಚೆ ಬರವಣಿಗೆಯಲ್ಲಿ ನೋಟಿಸು ಕೊಟ್ಟು, ಕೊಟ್ಟಿದ್ದ ಅಡ್ವಾನ್ಸ್‌ ಹಿಂದಕ್ಕೆ ಕೇಳಿ.

ಕಾಗದದಲ್ಲಿ ಮುಚ್ಚುವುದು

ಜಿಎಸ್‌ಟಿ ಇದ್ದರೆ ಪೋರ್ಟಲ್‌ನಲ್ಲಿ ಆರ್‌ಇಜಿ-16 ನಮೂನೆಯಲ್ಲಿ ರದ್ದತಿಗೆ ಅರ್ಜಿ ಹಾಕಬೇಕು. ರದ್ದತಿಯ ಆದೇಶ ಬಂದ ಮೇಲೆ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಆದ ಜಿಎಸ್‌ಟಿಆರ್-10 ಸಲ್ಲಿಸಬೇಕು. ಬಹಳ ಮಂದಿ ಮರೆಯುವುದು ಈ ಕೊನೆಯ ಹೆಜ್ಜೆಯನ್ನೇ. ವ್ಯಾಪಾರವೇ ಇಲ್ಲದ ತಿಂಗಳಿಗೂ ಜಿಎಸ್‌ಟಿಆರ್-3ಬಿ ಸಲ್ಲಿಸದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಒಂದೊಂದು ರಿಟರ್ನ್‌ಗೆ 500 ರೂಪಾಯಿವರೆಗೆ ವಿಳಂಬ ಶುಲ್ಕ ಬೀಳುತ್ತದೆ.

ಇದಕ್ಕೆ ಮನೆಯ ಲೆಕ್ಕವೂ ಸೇರಿಕೊಂಡಿದೆ. ಮನೆಯ ಯಜಮಾನಿ ಅಥವಾ ಆಕೆಯ ಗಂಡ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಗೆ ಅರ್ಹತೆ ಇಲ್ಲ. ನಿಂತುಹೋದ ಅಂಗಡಿಯ ನೋಂದಣಿ ಹಾಗೇ ಉಳಿದರೆ ಆ ಹಣವೂ ಕೈತಪ್ಪುತ್ತದೆ. ರದ್ದತಿಯ ಆದೇಶದ ಪ್ರತಿಯೊಂದಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಗ್ರಾಮ ಪಂಚಾಯಿತಿಯ ವ್ಯಾಪಾರ ಪರವಾನಗಿ ಇದ್ದರೆ ಪಿಡಿಒಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಹೋಟೆಲು, ಬೇಕರಿ, ದಿನಸಿ ಅಂಗಡಿಯಾದರೆ ಆಹಾರ ಸುರಕ್ಷತಾ ಪರವಾನಗಿಯನ್ನು ಒಪ್ಪಿಸಿ. ಉದ್ಯಮ್ ನೋಂದಣಿಯನ್ನು ಅದರ ಪೋರ್ಟಲ್‌ನಲ್ಲೇ ರದ್ದು ಮಾಡಬಹುದು. ಮೀಟರ್ ನಿಮ್ಮ ಹೆಸರಿನಲ್ಲಿದ್ದರೆ ಬೆಸ್ಕಾಂ ಕಚೇರಿಗೆ ಸಂಪರ್ಕ ಕಡಿತಕ್ಕೆ ಅರ್ಜಿ ಕೊಡಿ. ಬಾಕಿ ಕಳೆದು ಉಳಿದ ಠೇವಣಿ ವಾಪಸು ಬರುತ್ತದೆ. ಒಂದೇ ಒಂದು ಯೂನಿಟ್ ಉರಿಸದಿದ್ದರೂ ನಿಗದಿತ ಶುಲ್ಕ ನಿಲ್ಲುವುದಿಲ್ಲ ಎಂಬುದನ್ನು ಮರೆಯಬೇಡಿ.

ಬ್ಯಾಂಕಿನ ಮುಂದೆ

ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಅನುತ್ಪಾದಕ ಸಾಲ ಆಗುತ್ತದೆ. ಮಾತುಕತೆಗೆ ಒಳ್ಳೆಯ ಕಾಲ ಅದಕ್ಕೂ ಮೊದಲು. ಸಣ್ಣ ಉದ್ದಿಮೆಗಳ ಪುನಶ್ಚೇತನಕ್ಕೆ ರಿಸರ್ವ್ ಬ್ಯಾಂಕ್ 2016ರಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ತೊಂದರೆಯಲ್ಲಿರುವ ಸಾಲಗಾರರೇ ಮುಂದಾಗಿ ಅರ್ಜಿ ಕೊಡಬಹುದು. 10 ಲಕ್ಷದವರೆಗಿನ ಸಾಲದಲ್ಲಿ ಶಾಖಾ ವ್ಯವಸ್ಥಾಪಕರ ಹಂತದಲ್ಲೇ ಪರಿಹಾರ ಯೋಜನೆ ಆಗಬಹುದು. ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಅರ್ಜಿಗೆ ಆಸ್ಪತ್ರೆಯ ದಾಖಲೆ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಅಂಗಡಿ ಮುಚ್ಚುವುದೇ ಖಚಿತವಾದರೆ ಒಂದೇ ಬಾರಿಯ ತೀರುವಳಿ, ಅಂದರೆ ಓಟಿಎಸ್ ಕೇಳಿ. ಬಡ್ಡಿಯಲ್ಲಿ, ಕೆಲವೊಮ್ಮೆ ಅಸಲಿನಲ್ಲೂ, ರಿಯಾಯಿತಿ ಸಿಗಬಹುದು. ಒಪ್ಪಿದ ದಿನಾಂಕ ತಪ್ಪಿದರೆ ಆ ರಿಯಾಯಿತಿ ರದ್ದಾಗುತ್ತದೆ. ಕೈಯಲ್ಲಿ ಹಣ ಕಾಣುವ ಮೊದಲು ಒಪ್ಪಬೇಡಿ. ತೀರಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಮತ್ತು ಮೂಲ ದಾಖಲೆಗಳನ್ನು ಪಡೆಯದೆ ಹೊರಬರಬೇಡಿ. ಹೀಗೆ ತೀರಿಸಿದ್ದು ಕ್ರೆಡಿಟ್ ವರದಿಯಲ್ಲಿ ದಾಖಲಾಗುತ್ತದೆ, ಕೆಲವು ವರ್ಷ ಹೊಸ ಸಾಲ ಸಿಗುವುದು ಕಷ್ಟ.

ಮುದ್ರಾ ಸಾಲಕ್ಕೆ ಆಸ್ತಿ ಅಡಮಾನವಿಲ್ಲ. ಆದರೂ ಅದು ಮನ್ನಾ ಆಗುವ ಸಾಲವಲ್ಲ. ಸರ್ಕಾರದ ಖಾತರಿ ಇರುವುದು ಬ್ಯಾಂಕಿಗೆ. ಬ್ಯಾಂಕ್ ನಿಮ್ಮ ಮೇಲೆ ದಾವೆ ಹೂಡಬಹುದು. ಮನೆಯನ್ನೇ ಅಡಮಾನ ಮಾಡಿದ್ದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮೊದಲು 60 ದಿನದ ನೋಟಿಸು ಕೊಡಬೇಕು. ಅದಕ್ಕೆ ನೀವು ಬರೆದ ಆಕ್ಷೇಪಕ್ಕೆ ಉತ್ತರವನ್ನೂ ಕೊಡಬೇಕು. ಕೃಷಿ ಜಮೀನಿನ ಮೇಲೆ ಈ ಕಾಯ್ದೆ ನಡೆಯದು. ಚಿನ್ನದ ಸಾಲ ತೀರಿಸಲಾಗದಿದ್ದರೆ ಹರಾಜಿನವರೆಗೆ ಕಾಯದೆ ನೀವೇ ಮಾರಿ ತೀರಿಸುವುದು ಮೇಲು.

ಬ್ಯಾಂಕು ದೂರಿಗೆ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ ಸಹಾಯವಾಣಿ 14448.

ಸಂಘದ ಸಾಲ, ಬಡ್ಡಿ ಸಾಲ

ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರಿಷ್ಟರನ್ನು ಕಾಡುವುದು ರಿಸರ್ವ್ ಬ್ಯಾಂಕಿನ 2022ರ ನಿಯಮಕ್ಕೆ ವಿರುದ್ಧ. ಹಲವು ಜಿಲ್ಲೆಗಳಲ್ಲಿ ಜನ ವಸೂಲಿಗೆ ಹೆದರಿ ಊರು ಬಿಟ್ಟ ಮೇಲೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಕಿರು ಸಾಲ ಮತ್ತು ಸಣ್ಣ ಸಾಲದ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು. ಮುಂದೆ ಅದು ಕಾಯ್ದೆಯೂ ಆಯಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಕಿರುಕುಳ ಕೊಟ್ಟರೆ ದಿನಾಂಕ, ಸಮಯ, ಫೋನ್ ಕರೆಯ ದಾಖಲೆ ಇಟ್ಟುಕೊಂಡು ಠಾಣೆಯಲ್ಲಿ ಬರವಣಿಗೆಯ ದೂರು ಕೊಡಿ.

ಬಡ್ಡಿ ವ್ಯವಹಾರ ಮಾಡುವವರಿಗೆ ಲೇವಾದೇವಿ ಪರವಾನಗಿ ಬೇಕು. ಅಡಮಾನವಿರುವ ಸಾಲಕ್ಕೆ ವರ್ಷಕ್ಕೆ ಶೇ 14, ಇಲ್ಲದ್ದಕ್ಕೆ ಶೇ 16 ಬಡ್ಡಿಯ ಮಿತಿ ಇದೆ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಎಂದರೆ ವರ್ಷಕ್ಕೆ ಶೇ 60! ಇಂಥ ಸಾಲದಲ್ಲಿ ಈವರೆಗೆ ಕಟ್ಟಿದ್ದನ್ನೆಲ್ಲ ಬರೆದಿಟ್ಟುಕೊಂಡು, ಹಿರಿಯರ ಮುಂದೆ ಅಥವಾ ಲೋಕ ಅದಾಲತ್‌ನಲ್ಲಿ ಅಸಲಿನ ಲೆಕ್ಕದಿಂದ ಮಾತು ಶುರು ಮಾಡಿ.

ಚೆಕ್ಕು, ಕೋರ್ಟು, ದಿವಾಳಿ ಅರ್ಜಿ

ಹೆಚ್ಚು ಎಚ್ಚರ ಬೇಕಾದದ್ದು ಚೆಕ್ಕಿನ ಬಗ್ಗೆ. ಸಾಲ ತೀರಿಸಲಾಗದಿರುವುದು ಅಪರಾಧವಲ್ಲ, ಆದರೆ ಸಾಲಕ್ಕೆ ಕೊಟ್ಟ ಚೆಕ್ಕು ಹಣವಿಲ್ಲದೆ ವಾಪಸಾಗಿ, ನೋಟಿಸು ಕೈಸೇರಿದ 15 ದಿನದೊಳಗೆ ಹಣ ಕೊಡದಿದ್ದರೆ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನೋಟಿಸು ಬಂದರೆ ಸುಮ್ಮನಿರಬೇಡಿ. ಕೋರ್ಟಿನಲ್ಲಿ ಯಾವ ಹಂತದಲ್ಲಾದರೂ ರಾಜಿಗೆ ಅವಕಾಶವಿದೆ. ತೀರಿಸಿದ ಪ್ರತಿ ಸಾಲಕ್ಕೂ ಕೊಟ್ಟ ಖಾಲಿ ಚೆಕ್ಕನ್ನೂ ಪ್ರೊನೋಟನ್ನೂ ಹಿಂದಕ್ಕೆ ಪಡೆಯಿರಿ.

ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಆದಾಯ ಮಿತಿಯೊಳಗಿನವರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ, ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಸಿವಿಲ್ ಡಿಕ್ರಿ ಆದರೂ ಬಟ್ಟೆ, ಅಡುಗೆ ಪಾತ್ರೆ, ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿ ಮಾಡುವಂತಿಲ್ಲ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಗಂಡಸರನ್ನೂ ಬಡತನವೊಂದೇ ಕಾರಣಕ್ಕೆ ಜೈಲಿಗೆ ಕಳಿಸಲಾಗದೆಂದು ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಕೊಡುವ ಶಕ್ತಿ ಇದ್ದೂ ಮೋಸದಿಂದ ಕೊಡದವರಿಗೆ ಈ ರಕ್ಷಣೆ ಇಲ್ಲ.

ಯಾವ ಮಾತುಕತೆಯೂ ಫಲಿಸದಿದ್ದರೆ ಕೊನೆಯ ದಾರಿ 1920ರ ಪ್ರಾಂತೀಯ ದಿವಾಳಿ ಕಾಯ್ದೆ, ಜನ ಐಪಿ ಹಾಕುವುದು ಎನ್ನುವುದು ಇದನ್ನೇ. 2016ರ ಹೊಸ ದಿವಾಳಿ ಸಂಹಿತೆಯ ವೈಯಕ್ತಿಕ ಸಾಲದ ಭಾಗ ಸಾಮಾನ್ಯ ಜನರಿಗೆ ಇನ್ನೂ ಜಾರಿಯಾಗಿಲ್ಲವಾದ್ದರಿಂದ ಹಳೆಯ ಕಾಯ್ದೆಯೇ ನಡೆಯುತ್ತಿದೆ. ಅದರಲ್ಲಿ ಆಸ್ತಿ ನ್ಯಾಯಾಲಯದ ವಶಕ್ಕೆ ಹೋಗಿ ಸಾಲ ಕೊಟ್ಟವರಿಗೆ ಹಂಚಿಕೆಯಾಗುತ್ತದೆ, ನಂತರ ಬಿಡುಗಡೆ ಕೇಳಬಹುದು. ಅಡಮಾನದ ಸಾಲಕ್ಕೆ ಇದು ತಡೆಯಾಗದು. ಸಾಲ ತಪ್ಪಿಸಲು ಮನೆ ಹೊಲವನ್ನು ತಮ್ಮನ ಹೆಸರಿಗೋ ಹೆಂಡತಿಯ ಹೆಸರಿಗೋ ಬರೆದುಕೊಟ್ಟಿದ್ದರೆ ಕೋರ್ಟು ಅದನ್ನು ರದ್ದು ಮಾಡಬಹುದು.

ಮಕ್ಕಳ ಮೇಲೆ ಸಾಲ ಬೀಳುತ್ತದೆಯೇ?

ಕಾಯಿಲೆಯವರನ್ನು ಹೆಚ್ಚು ಕೊರೆಯುವ ಪ್ರಶ್ನೆ ಇದು. ಮಕ್ಕಳು ಸಹ ಸಾಲಗಾರರಾಗಿಯೋ ಜಾಮೀನುದಾರರಾಗಿಯೋ ಸಹಿ ಹಾಕಿಲ್ಲದಿದ್ದರೆ ಅವರ ಸ್ವಂತ ದುಡಿಮೆಯನ್ನು ಯಾರೂ ಮುಟ್ಟುವಂತಿಲ್ಲ. ನಿಮ್ಮಿಂದ ಅವರಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಅವರ ಹೊಣೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂಬ ಹಳೆಯ ಕಟ್ಟಳೆಯ ಆಧಾರದಲ್ಲಿ ಹೊಸ ಸಾಲ ವಸೂಲಿ ಮಾಡುವುದನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ನಿಲ್ಲಿಸಿದೆ. ಆದ್ದರಿಂದ ನಿಮ್ಮ ಸಾಲ ಮರುಹೊಂದಿಸುವ ನೆಪದಲ್ಲಿ ಮಗನ ಅಥವಾ ಮಗಳ ಸಹಿ ಕೇಳಿದರೆ ಒಪ್ಪಬೇಡಿ.

ಇಷ್ಟನ್ನೆಲ್ಲ ಕಾಯಿಲೆಯವರೊಬ್ಬರೇ ಓಡಾಡಿ ಮಾಡಲಾಗದು. ನಂಬುವ ಒಬ್ಬರಿಗೆ ಅಧಿಕಾರ ಪತ್ರ ಬರೆದುಕೊಡಿ, ಪಟ್ಟಿಯ ಪುಸ್ತಕವನ್ನು ಅವರ ಕೈಗಿಡಿ. ಈ ವಾರ ಮೂರೇ ಕೆಲಸ ಸಾಕು: ವೈದ್ಯರ ಶಿಫಾರಸು ಪತ್ರ, ಸಾಲದ ಪಟ್ಟಿ, ಬ್ಯಾಂಕಿಗೆ ಒಂದು ಅರ್ಜಿ. ಉಳಿದದ್ದು ಒಂದೊಂದಾಗಿ ಆಗುತ್ತದೆ. ವ್ಯಾಪಾರ ನಿಂತರೂ ಲೆಕ್ಕ ನೇರವಾಗಿ ಮುಗಿಸಿದವರ ಮಾತಿಗೆ ಊರಿನಲ್ಲಿ ಬೆಲೆ ಉಳಿಯುತ್ತದೆ. ಆರೋಗ್ಯ ಮರಳಿದ ಮೇಲೆ ಮತ್ತೆ ಏನಾದರೂ ಶುರು ಮಾಡಲು ಬೇಕಾಗುವ ಮೊದಲ ಬಂಡವಾಳ ಅದೇ.