ಹೆದ್ದಾರಿಯ ಊರು, ಒಳಗಿನ ಹಾದಿ



ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೊರಟವರಿಗೆ ಕಂಪಲಾಪುರ ಹಾದಿಯಲ್ಲೇ ಸಿಗುತ್ತದೆ. ಹಳೆಯ ಮೈಸೂರು–ಮಡಿಕೇರಿ ರಸ್ತೆ ಈಗ 275ನೆಯ ರಾಷ್ಟ್ರೀಯ ಹೆದ್ದಾರಿ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೂ ಇಲ್ಲಿದೆ. ಹೊರಗಿನವರು ಇದನ್ನೆಲ್ಲ ನೋಡಿ, ‘ನಿಮಗೇನು ಕಡಿಮೆ?’ ಎನ್ನುತ್ತಾರೆ. ರೈಲು ಹತ್ತಲು ಕೆ.ಆರ್. ನಗರಕ್ಕೋ ಮೈಸೂರಿಗೋ ಹೋಗಬೇಕೆಂಬುದನ್ನು ಬಿಟ್ಟರೆ, ಹೆದ್ದಾರಿಯ ಮೇಲೆ ನಿಂತವನಿಗೆ ಕಡಿಮೆಯೇನೂ ಇಲ್ಲ. ನಮ್ಮ ಕಷ್ಟವಿರುವುದು ಹೆದ್ದಾರಿಯಿಂದ ತೋಟದವರೆಗಿನ ಎರಡು ಮೂರು ಮೈಲಿಯಲ್ಲಿ.

ಜನಗಣತಿಯ ಕೈಪಿಡಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಸಾಲು ಇರುತ್ತದೆ. ಬಸ್ಸು ಊರಿಗೇ ಬರುವುದೋ, ಬಾರದಿದ್ದರೆ 5 ಕಿ.ಮೀ. ಒಳಗೆ ಸಿಗುವುದೋ, 10 ಕಿ.ಮೀ. ಒಳಗೋ, ಅದಕ್ಕೂ ದೂರವೋ ಎಂಬುದಷ್ಟೇ ಅಲ್ಲಿನ ಲೆಕ್ಕ. ದಿನಕ್ಕೆ ಎಷ್ಟು ಸಲ ಬರುತ್ತದೆ, ಮಳೆಗಾಲದಲ್ಲಿ ಅಲ್ಲಿಯವರೆಗೆ ನಡೆಯಲಾದೀತೇ ಎಂಬುದು ಆ ಸಾಲಿನಲ್ಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು; ಸಂತೋಷವೇ. ಆದರೆ ಬಸ್ಸಿನ ತನಕದ ಕೆಸರು ದಾಟದೆ ಹೈಸ್ಕೂಲಿನ ಹುಡುಗಿಗೆ ಆ ಉಚಿತ ಟಿಕೆಟ್ಟೂ ದಕ್ಕದು.

ಕೆಲವು ವರ್ಷಗಳ ಹಿಂದೆ ದೀಪಾವಳಿಯ ನಂತರ ಹಿಡಿದ ಮಳೆಯಲ್ಲಿ ನಮ್ಮ ತೋಟದ ಹಾದಿಯಲ್ಲೇ ಅಡಿಕೆ ಹೇರಿದ ಟ್ರ್ಯಾಕ್ಟರು ಹೂತುಹೋಯಿತು. ಕೊಯ್ದ ಹಸಿ ಅಡಿಕೆಯನ್ನು ತಡಮಾಡದೆ ಸುಲಿದು ಬೇಯಿಸಬೇಕು. ಕಾಫಿ ಹಣ್ಣಾದರೆ ಅಂದೇ ಪಲ್ಪರಿಗೆ ಹೋಗಬೇಕು. ಮೂರು ದಿನ ಮೂಟೆಯಲ್ಲೇ ಬಿಸಿಯೇರಿದ ಮಾಲಿಗೆ ವ್ಯಾಪಾರಿ ಹೇಳಿದ ದರ ಬರೆಯಲು ನಾಚಿಕೆಯಾಗುತ್ತದೆ. ಆ ವರ್ಷವೇ ರಸ್ತೆಗೆ ಅರ್ಜಿ ಹಿಡಿದು ಒಂದು ಕಛೇರಿಗೆ ಹೋದೆವು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, ‘ಜನಸಂಖ್ಯೆ ಎಷ್ಟು?’

ಆ ಪ್ರಶ್ನೆ ತಪ್ಪಲ್ಲ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರಿನಲ್ಲಿ ಆರಂಭವಾದಾಗಲೇ ರಸ್ತೆ ಕಾಣದ ವಸತಿಗೆ ಬಯಲಿನಲ್ಲಿ 500, ಗುಡ್ಡಗಾಡಿನಲ್ಲಿ 250 ಜನ ಎಂಬ ಗೆರೆ ಎಳೆಯಿತು. 2024ರಲ್ಲಿ ಒಪ್ಪಿಗೆಯಾದ ನಾಲ್ಕನೆಯ ಹಂತಕ್ಕೂ ಆಧಾರ 2011ರ ಜನಗಣತಿ. 490 ಜನರಿದ್ದ ಹಾಡಿಗೂ 510 ಜನರಿದ್ದ ಹಾಡಿಗೂ ಕೆಸರು ಒಂದೇ; ಕಾಗದದ ಮೇಲೆ ಮಾತ್ರ ಅಜಗಜಾಂತರ.

2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಬೆಳೆಗಾರರಿಗೆ ಆ ತಿಂಗಳು ಏನೆಂದು ಹೇಳಬೇಕಾಗಿಲ್ಲ. ರೊಬಸ್ಟಾ ಕೊಯ್ಲಿನ ಭರಾಟೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹಾಡಿಗಳಿಂದ ಜೇನುಕುರುಬರೂ ಇತರರೂ ಮನೆಮಂದಿಯೊಂದಿಗೆ ಕೊಡಗಿನ ತೋಟಗಳಿಗೆ ಹೋಗಿರುತ್ತಾರೆ. ಎಣಿಕೆಯ ಅವಧಿ ಪೂರ್ತಿ ಊರಿನಲ್ಲಿ ಇಲ್ಲದವರು ಇದ್ದ ಕಡೆಯ ಲೆಕ್ಕಕ್ಕೇ ಸೇರುತ್ತಾರೆ. ಹೀಗೆ ನಮ್ಮ ಕಾಫಿ ಕೊಯ್ಯಲು ಹೋದವರ ಹಾಡಿಯೇ ತಲೆ ಎಣಿಕೆಯಲ್ಲಿ ಸೊರಗುತ್ತದೆ. ಅವರು ನಡೆಯುವ ಹಾದಿಯೇ ನಮ್ಮ ಮಾಲು ಬರುವ ಹಾದಿ ಎಂಬುದನ್ನು ನಾವು ಮರೆಯಕೂಡದು.

2021ರ ಜನಗಣತಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಮತ್ತೆ ಅದೇ ಕೊಯ್ಲಿನ ಕಾಲ. ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು: ಎಣಿಕೆಯ ದಿನಗಳಲ್ಲಿ ಕೆಲಸದವರು ಒಂದೆರಡು ದಿನವಾದರೂ ಊರಿಗೆ ಹೋಗಿಬರಲು ರಜೆ ಕೊಡಿ, ಕೂಲಿ ಹಿಡಿಯಬೇಡಿ. ಲೈನಿನಲ್ಲೇ ವರ್ಷವಿಡೀ ಇರುವವರ ಹೆಸರು ಬಿಟ್ಟುಹೋಗದಂತೆ ಗಣತಿದಾರರಿಗೆ ನೀವೇ ಮನೆ ತೋರಿಸಿ. ರಸ್ತೆಗೆ ಅರ್ಜಿ ಬರೆಯುವಾಗ 500 ಮೀಟರ್ ವ್ಯಾಪ್ತಿಯೊಳಗಿನ ವಸತಿಗಳ ಜನರನ್ನು ಒಟ್ಟುಗೂಡಿಸಿ ತೋರಿಸಲು ಆ ಯೋಜನೆಯ ನಿಯಮದಲ್ಲೇ ಅವಕಾಶವಿದೆ; ಅದನ್ನು ಬಿಡಬೇಡಿ.

ಒಂಟಿ ಅರ್ಜಿ ಕಡತದಲ್ಲಿ ಮಲಗುತ್ತದೆ. ಅಕ್ಕಪಕ್ಕದ ಹಾಡಿ, ಕೇರಿ, ತೋಟದವರೆಲ್ಲ ಸೇರಿ ಬರೆದ ಅರ್ಜಿಗೆ ತೂಕ ಬೇರೆ. ಸಹಕಾರವೆಂದರೆ ಗೊಬ್ಬರ, ಸಾಲಗಳಷ್ಟೇ ಅಲ್ಲವಷ್ಟೆ.