ಕೆರೆಯೋ, ಮೋಡದ ನೆರಳೋ?

ಶ್ರಾವಣದ ಒಂದು ಬೆಳಿಗ್ಗೆ ಅರಸೀಕೆರೆ ಪಕ್ಕದ ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲ ಮೇಲೆ ಕೂತಿದ್ದೆ. ಪಡುವಣ ಗಾಳಿಗೆ ಬೇಲೂರಿನ ಕಡೆಯಿಂದ ಮೋಡಗಳು ಸಾಲುಗಟ್ಟಿ ಬರುತ್ತಿದ್ದವು. ಕೆಳಗೆ ತೆಂಗಿನ ತೋಟ, ಎಳೆ ರಾಗಿ ಹೊಲಗಳ ಮೇಲೆ ಅವುಗಳ ನೆರಳು ಜಾರಿ ಹೋಗುತ್ತಿತ್ತು. ಇದು ಮೋಡ, ಅದು ನೆರಳು, ಆಚೆಗಿರುವುದು ಕೆರೆ ಎಂದು ಹೇಳಲು ಅಲ್ಲಿ ಕೂತ ಮಗುವಿಗೂ ಕಷ್ಟವಿಲ್ಲ. ಉಪಗ್ರಹದ ಚಿತ್ರ ನೋಡುವ ಕಂಪ್ಯೂಟರಿಗೆ ಇದನ್ನೇ ಚೆನ್ನಾಗಿ ಕಲಿಸಲು ನಲವತ್ತು ವರ್ಷ ಬೇಕಾಯಿತು.

ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರ ಜುಲೈನಲ್ಲಿ. ನಮ್ಮ ಐಆರ್‌ಎಸ್-1ಎ 1988ರ ಮಾರ್ಚ್‌ನಲ್ಲಿ. ಚಿತ್ರಕ್ಕೆ ದುಡ್ಡು ತೆರಬೇಕಿದ್ದ ಆ ಕಾಲದಲ್ಲಿ ಮೋಡವಿಲ್ಲದ ಚಿತ್ರವನ್ನು ಹುಡುಕಿ ಕೊಳ್ಳುವುದೇ ಉಪಾಯ. 1986ರಲ್ಲಿ ವಿಜ್ಞಾನಿ ಬ್ರೆಂಟ್ ಹೋಲ್ಬೆನ್ ಇನ್ನೊಂದು ದಾರಿ ವಿವರಿಸಿದರು: ಮೋಡ ಕವಿದರೆ ಹಸಿರಿನ ಸೂಚ್ಯಂಕ ಕುಸಿಯುತ್ತದೆ, ಆದ್ದರಿಂದ ಕೆಲವು ದಿನಗಳ ಚಿತ್ರಗಳನ್ನು ಒಟ್ಟಿಗಿಟ್ಟು ಪ್ರತಿ ಜಾಗಕ್ಕೂ ಅತಿ ಹೆಚ್ಚಿನ ಹಸಿರನ್ನೇ ಆರಿಸಿಕೊಳ್ಳಿ. ದಿನವೂ ಬರುವ ಉಪಗ್ರಹಕ್ಕೆ ಇದು ಸರಿ. ಹದಿನಾರು ದಿನಕ್ಕೊಮ್ಮೆ ಹಾಯುವ ಲ್ಯಾಂಡ್‌ಸ್ಯಾಟ್‌ಗೆ ಸಾಲದು.

1999ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-7ಕ್ಕಾಗಿ ನಾಸಾದ ರಿಚರ್ಡ್ ಐರಿಶ್ ಮೋಡ ಗುರುತಿಸುವ ವಿಧಾನ ರೂಪಿಸಿದ್ದರು. ಒಂದು ಚಿತ್ರದಲ್ಲಿ ಶೇಕಡಾ ಎಷ್ಟು ಮೋಡವಿದೆ ಎಂಬ ಲೆಕ್ಕ ಅದರ ಗುರಿ. ನೆರಳಿನ ಗೊಡವೆ ಅದಕ್ಕಿರಲಿಲ್ಲ. ಕತೆ ತಿರುಗಿದ್ದು 2008ರಲ್ಲಿ. ಆ ವರ್ಷ ಲ್ಯಾಂಡ್‌ಸ್ಯಾಟ್ ಸಂಗ್ರಹವೆಲ್ಲ ಉಚಿತವಾಯಿತು. ಅರ್ಧ ಮೋಡವಿದ್ದ ಚಿತ್ರದಲ್ಲೂ ಉಳಿದರ್ಧ ಚೊಕ್ಕಟವಾಗಿದೆಯಲ್ಲ, ಅದನ್ನೇಕೆ ಬಿಡಬೇಕು? ಹಾಗೆ ಬಳಸಬೇಕಾದರೆ ಯಾವ ಪಿಕ್ಸೆಲ್ ಮೋಡ, ಯಾವುದು ನೆರಳು ಎಂದು ಒಂದೊಂದನ್ನೂ ಹೇಳಬೇಕು. ಬಾಸ್ಟನ್ ವಿಶ್ವವಿದ್ಯಾಲಯದ ಝೆ ಝು ಮತ್ತು ಕರ್ಟಿಸ್ ವುಡ್‌ಕಾಕ್ 2012ರಲ್ಲಿ ಪ್ರಕಟಿಸಿದ 'ಎಫ್‌ಮಾಸ್ಕ್' ಈ ಕೆಲಸ ಮಾಡಿತು.

ಮೋಡ ಸುಲಭದ ಭಾಗ: ಬೆಳ್ಳಗೆ ಹೊಳೆಯುತ್ತದೆ, ತಣ್ಣಗಿರುತ್ತದೆ. ತಗಡಿನ ಚಾವಣಿಯೂ ಹೊಳೆಯುತ್ತದೆ, ಆದರೆ ಬಿಸಿಯಾಗಿರುತ್ತದೆ. ಶಾಖ ಅಳೆಯುವ ಪಟ್ಟಿ (ಬ್ಯಾಂಡ್) ಇವೆರಡನ್ನೂ ಬೇರ್ಪಡಿಸುತ್ತದೆ. ತೊಡಕಿದ್ದದ್ದು ನೆರಳಿನಲ್ಲಿ. ಹಳೇಬೀಡಿನ ದೇವಸ್ಥಾನದ ಪಕ್ಕದ ದ್ವಾರಸಮುದ್ರ ಕೆರೆಯನ್ನೇ ತೆಗೆದುಕೊಳ್ಳಿ. ಸಮೀಪ ಅವಗೆಂಪು ಬೆಳಕನ್ನು ನೀರು ಹೀರಿಕೊಳ್ಳುವುದರಿಂದ ಚಿತ್ರದಲ್ಲಿ ಅದು ಕಪ್ಪು ಮಚ್ಚೆ. ಪಕ್ಕದ ಹೊಲದ ಮೇಲೆ ಬಿದ್ದ ಮೋಡದ ನೆರಳೂ ಅಂಥದೇ ಕಪ್ಪು ಮಚ್ಚೆ.

ಝು ಮತ್ತು ವುಡ್‌ಕಾಕ್ ಮೊದಲು ಕಪ್ಪು ಮಚ್ಚೆಗಳನ್ನೆಲ್ಲ ಹೆಕ್ಕಿದ ರೀತಿ ಕೆರೆ ಕಟ್ಟಿದ ನಾಡಿನವರಿಗೆ ಬೇಗ ಹಿಡಿಸುತ್ತದೆ. ಚಿತ್ರದ ಬೆಳಕನ್ನು ನೆಲದ ಏರುತಗ್ಗು ಎಂದುಕೊಳ್ಳಿ: ಬೆಳಕಿದ್ದಲ್ಲಿ ದಿಬ್ಬ, ಕತ್ತಲಿದ್ದಲ್ಲಿ ಗುಂಡಿ. ಈಗ ಪ್ರತಿ ಗುಂಡಿಗೂ ಕೋಡಿ ಬೀಳುವ ತನಕ ನೀರು ತುಂಬಿ. ಎಲ್ಲಿ ನೀರು ಆಳವಾಗಿ ನಿಂತಿತೋ ಅಲ್ಲಿ ನೆರಳಿರಬಹುದು. ಕೆರೆಯೂ ಇದರೊಳಗೇ ಸೇರಿರುತ್ತದೆ.

ಆಮೇಲೆ ಮೋಡವನ್ನೇ ವಿಚಾರಿಸಿದರು. ಲ್ಯಾಂಡ್‌ಸ್ಯಾಟ್ ನಮ್ಮ ಮೇಲೆ ಹಾಯುವುದು ಬೆಳಿಗ್ಗೆ ಹತ್ತರ ಸುಮಾರಿಗೆ, ಸೂರ್ಯ ಇನ್ನೂ ಮೂಡಣದಲ್ಲಿರುತ್ತಾನೆ. ಹಳೇಬೀಡಿನ ಮೇಲಿನ ಮೋಡದ ನೆರಳು ಬೇಲೂರಿನ ಕಡೆಗೇ ಬೀಳಬೇಕು. ಎಷ್ಟು ದೂರಕ್ಕೆ ಎಂಬುದು ಮೋಡದ ಎತ್ತರದ ಮೇಲೆ. ಸೂರ್ಯ 45 ಡಿಗ್ರಿಯಲ್ಲಿದ್ದರೆ 2 ಕಿಲೋಮೀಟರ್ ಎತ್ತರದ ಮೋಡದ ನೆರಳು 2 ಕಿಲೋಮೀಟರ್ ಆಚೆ, ಅಂದರೆ 30 ಮೀಟರಿನ ಸುಮಾರು 67 ಪಿಕ್ಸೆಲ್ ದೂರ. ಮೋಡದ ತಂಪಿನಿಂದ ಎತ್ತರವನ್ನು ಅಂದಾಜಿಸಿ, ಅದರ ಆಕಾರವನ್ನು ಆ ದಿಕ್ಕಿನಲ್ಲಿ ಹಂತಹಂತವಾಗಿ ಸರಿಸುತ್ತಾ, ಯಾವ ಕಪ್ಪು ಮಚ್ಚೆಯ ಮೇಲೆ ಅದು ಸರಿಯಾಗಿ ಕೂರುತ್ತದೋ ಅದನ್ನು ನೆರಳೆಂದು ಹಿಡಿದರು. ಮೋಡದ ಆಕಾರಕ್ಕೆ ಹೊಂದದ ಕೆರೆ ಕೆರೆಯಾಗಿಯೇ ಉಳಿಯಿತು. ಈ ಹೆಜ್ಜೆ ನನಗೆ ಬಲು ಇಷ್ಟ.

2013ರ ಲ್ಯಾಂಡ್‌ಸ್ಯಾಟ್-8ಕ್ಕೆ ತೆಳು ಮೋಡ ಹಿಡಿಯುವ ಹೊಸ ಪಟ್ಟಿ ಬಂತು. ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾಕ್ಕೆ ಶಾಖದ ಪಟ್ಟಿಯೂ ಇಲ್ಲ, ನೀಲಿಯೂ ಇಲ್ಲ. ನಾಲ್ಕೇ ಪಟ್ಟಿಗಳಲ್ಲಿ ಮೋಡ ಗುರುತಿಸುವುದು ಅಲ್ಲಿ ಇನ್ನೂ ಬಿಗಿಯಾದ ಸವಾಲು.

ಮೋಡ, ನೆರಳು ಗುರುತಿಸುವುದು ಚಿತ್ರ ತೊಳೆಯುವ ಕೆಲಸವಷ್ಟೇ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೇಂದ್ರದ 2016ರ ಬರ ಕೈಪಿಡಿ ಉಪಗ್ರಹದಿಂದ ಅಳೆದ ಹಸಿರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೋಡ ಕವಿದ ಹಸಿರು ಹೊಲ ಒಣಗಿದಂತೆ ಕಂಡರೆ ಆ ಲೆಕ್ಕ ತಪ್ಪುತ್ತದೆ. ಮಳೆಗಾಲದ ಬೇಲೂರಿನಲ್ಲಿ ವಾರಗಟ್ಟಲೆ ಮೋಡ ಸರಿಯದೆ ಇರಬಹುದು. ಆಗ ಎಫ್‌ಮಾಸ್ಕ್ ಕಾಫಿ ತೋಟದ ಆ ಪಿಕ್ಸೆಲ್‌ಗಳಿಗೆ ಹಸಿರು ಎಂದೂ ಬರೆಯುವುದಿಲ್ಲ, ಒಣ ಎಂದೂ ಬರೆಯುವುದಿಲ್ಲ. ಮೋಡ ಎಂದು ಗುರುತು ಹಾಕಿ, ಮುಂದಿನ ಸುತ್ತಿನ ಚಿತ್ರಕ್ಕೆ ಜಾಗ ಬಿಡುತ್ತದೆ.