ನಂದಿ ಪ್ರಶಸ್ತಿ: ಅದರ ಮೂಲ ಮತ್ತು ಪ್ರಯೋಜನ

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ‘ನಂದಿ’ ಪ್ರಶಸ್ತಿಯ ಹೆಸರು ಅಪರಿಚಿತವಲ್ಲ. ಆಂಧ್ರಪ್ರದೇಶ ಸರ್ಕಾರವು ತೆಲುಗು ಚಲನಚಿತ್ರಗಳಿಗಾಗಿ 1964ರಲ್ಲಿ ಏರ್ಪಡಿಸಿದ ವಾರ್ಷಿಕ ಪ್ರಶಸ್ತಿ ಇದು. ಹಿಂದೂಪುರದ ಸಮೀಪದ ಲೇಪಾಕ್ಷಿಯಲ್ಲಿರುವ ಏಕಶಿಲಾ ವೃಷಭವೇ ಇದರ ಲಾಂಛನಕ್ಕೆ ಮೂಲ. ಆ ವೃಷಭದ ಉದ್ದ ಸುಮಾರು 27 ಅಡಿ, ಎತ್ತರ ಸುಮಾರು 15 ಅಡಿ. ಅಲ್ಲಿಯ ವೀರಭದ್ರ ದೇವಾಲಯವು ಹದಿನಾರನೆಯ ಶತಮಾನದಲ್ಲಿ, ವಿಜಯನಗರದ ಅಚ್ಯುತರಾಯನ ಆಳ್ವಿಕೆಯಲ್ಲಿ ನಿರ್ಮಾಣವಾದುದು. ಅಲ್ಲಿ ಕನ್ನಡ ಶಾಸನಗಳಿವೆ. ತೆಲುಗರು ತಮ್ಮ ಚಿತ್ರಕಲೆಯ ಗೌರವಕ್ಕೆ ಆರಿಸಿಕೊಂಡ ಗುರುತು ಹೀಗೆ ಎರಡು ನುಡಿಗಳು ಕೂಡುವ ಸೀಮೆಯದಾಗಿದೆ.

ಸರ್ಕಾರವೇ ಚಿತ್ರಗಳಿಗೆ ಬಹುಮಾನ ಕೊಡಬೇಕಾದ ಅಗತ್ಯವೇನೆಂಬ ಪ್ರಶ್ನೆ ಸಹಜವಾದುದು. ಕೇಂದ್ರ ಸರ್ಕಾರವು 1954ರಿಂದಲೇ ರಾಷ್ಟ್ರಪ್ರಶಸ್ತಿಗಳನ್ನು ಕೊಡುತ್ತಿದ್ದಿತು. 1954ರ ಚಿತ್ರಗಳಲ್ಲಿ ತೆಲುಗಿನ ‘ಪೆದ್ದಮನುಷುಲು’ ರಜತಪದಕವನ್ನೂ, ಕನ್ನಡದ ‘ಬೇಡರ ಕಣ್ಣಪ್ಪ’ ಅರ್ಹತಾಪತ್ರವನ್ನೂ ಪಡೆದವು. ಆದರೆ ಆ ಕಾಲದಲ್ಲಿ ಎರಡು ಭಾಷೆಗಳ ಚಿತ್ರಗಳೂ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದುವು. ಚಿತ್ರಗಳನ್ನು ಊರೂರಿಗೆ ಕಳುಹಿಸುವ ಹಂಚಿಕೆದಾರರ ಕಚೇರಿಗಳು ವಿಜಯವಾಡದಲ್ಲಿದ್ದರೂ ಚಿತ್ರದ ಜನ್ಮಸ್ಥಾನ ನಾಡಿನ ಹೊರಗಿದ್ದಿತು. ರಾಜ್ಯದ ಪ್ರಶಸ್ತಿಯು ಅಂತಹ ಚಿತ್ರವನ್ನು ನಾಡಿನದೆಂದು ಒಪ್ಪಿಕೊಳ್ಳುವ ಕ್ರಮವಾಯಿತು.

ಅತ್ಯುತ್ತಮ ಚಿತ್ರಕ್ಕೆ ಸ್ವರ್ಣ ನಂದಿ, ಎರಡನೆಯದಕ್ಕೆ ರಜತ ನಂದಿ, ಮೂರನೆಯದಕ್ಕೆ ಕಂಚಿನ ನಂದಿ ಎಂಬ ಏರ್ಪಾಡು ಇದ್ದಿತು. 1964ರ ಚಿತ್ರಗಳಲ್ಲಿ ಆದುರ್ತಿ ಸುಬ್ಬರಾವ್ ನಿರ್ದೇಶಿಸಿದ ‘ಡಾಕ್ಟರ್ ಚಕ್ರವರ್ತಿ’ ಸ್ವರ್ಣ ನಂದಿಗೆ ಪಾತ್ರವಾಯಿತು. ಮೈಸೂರು ರಾಜ್ಯವೂ 1966-67ರ ಸಾಲಿನಿಂದ ಇಂತಹುದೇ ಪ್ರಶಸ್ತಿಯನ್ನು ಆರಂಭಿಸಿತು. ಆಗ ಶ್ರೇಷ್ಠವೆನಿಸಿದುದು ಅ.ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ ‘ಸಂಧ್ಯಾರಾಗ’.

2014ರಲ್ಲಿ ಆಂಧ್ರಪ್ರದೇಶವು ಇಬ್ಭಾಗವಾದ ಮೇಲೆ ಈ ಪರಂಪರೆಗೆ ಕುಂದು ಬಂದಿತು. 2014, 2015, 2016ರ ಪ್ರಶಸ್ತಿಗಳು 2017ರ ನವೆಂಬರಿನಲ್ಲಿ ಒಟ್ಟಿಗೆ ಪ್ರಕಟವಾದುವು. ಅನಂತರದ ಚಿತ್ರಗಳಿಗೆ ಹಲವು ವರ್ಷಗಳ ಕಾಲ ನಂದಿ ದೊರೆಯಲಿಲ್ಲ. ತೆಲಂಗಾಣವು ಜನಕವಿ ಗದ್ದರ್ ಅವರ ಹೆಸರಿನಲ್ಲಿ ಬೇರೊಂದು ಪ್ರಶಸ್ತಿಯನ್ನು ಸ್ಥಾಪಿಸಿ, 2025ರ ಜೂನ್ 14ರಂದು ಹೈದರಾಬಾದಿನಲ್ಲಿ ಪ್ರದಾನ ಮಾಡಿತು. 2014ರಿಂದ 2023ರವರೆಗಿನ ಉತ್ತಮ ಚಿತ್ರಗಳನ್ನೂ ಆಗ ಗೌರವಿಸಿತು. ಕರ್ನಾಟಕದಲ್ಲಿಯೂ ವಿಳಂಬ ಕಡಮೆಯಲ್ಲ: 2019ರ ಚಿತ್ರಗಳ ಪ್ರಶಸ್ತಿ ಪ್ರಕಟವಾದುದು 2025ರ ಜನವರಿಯಲ್ಲಿ.

ಹಣ ಗಳಿಸಿದ ಚಿತ್ರಕ್ಕೆ ಪ್ರಶಸ್ತಿ ತಪ್ಪಿದರೆ ದೊಡ್ಡ ನಷ್ಟವಿಲ್ಲ. ಅಲ್ಪ ಬಂಡವಾಳದಿಂದ ತೆಗೆದು, ಒಂದೆರಡು ವಾರ ಓಡಿ ಮರೆಯಾದ ಸದಭಿರುಚಿಯ ಚಿತ್ರಕ್ಕೆ ಮಾತ್ರ ಪ್ರಶಸ್ತಿಪಟ್ಟಿಯೇ ಉಳಿಯುವ ದಾಖಲೆ. ಅನ್ಯಭಾಷೆಯ ನಡುವೆ ಬಾಳುವ ನಮ್ಮಂತಹವರಿಗೆ ನೆರೆನುಡಿಯಲ್ಲಿ ನೋಡತಕ್ಕುದು ಯಾವುದೆಂದು ತಿಳಿಸುವುದೂ ಆ ಪಟ್ಟಿಯೇ. ವಾರ್ಷಿಕ ಪ್ರಶಸ್ತಿಯ ಬೆಲೆ ಅದರ ಲೋಹಕ್ಕಿಂತ ಅದರ ನಿಯಮಪಾಲನೆಯಲ್ಲಿದೆ. ಆದುದರಿಂದ ಬಿಟ್ಟುಹೋದ ವರ್ಷಗಳನ್ನು ತುಂಬಿಕೊಡುವುದು ಎಲ್ಲ ಸರ್ಕಾರಗಳಿಗೂ ಯೋಗ್ಯವಾದ ಕಾರ್ಯವಾಗಿದೆ.